ಖುಷಿಯಿಂದ ಬರೆದುಕೊಟ್ಟ ಪತ್ರ

ಶ್ರಾವಣದಲ್ಲಿ ನಾಗರಪಂಚಮಿಗೆ ಎರಡು ದಿನ ಮೊದಲು ಬರುವ ರೊಟ್ಟಿ ಹಬ್ಬದ ದಿನ, ಬುಧವಾರ, ಮುಂಜಾನೆ ಹತ್ತರ ಹೊತ್ತಿಗೆ ಈ ಸಂಗತಿ ಸುರುವಾಯಿತು. ಮೋಡ ಕಟ್ಟಿತ್ತು, ಮಳೆ ಇರಲಿಲ್ಲ. ಹೂವಿನ ಹಿಪ್ಪರಗಿಯ ಸರಕಾರಿ ಶಾಲೆಯ ಗೋಡೆಗೆ ಹತ್ತಿಕೊಂಡು ಬೇವಿನ ಗಿಡದ ಕಟ್ಟೆ ಇದೆ. ಅಲ್ಲಿ ಕೂಡುವುದು ನನ್ನ ಹಳೆಯ ರೂಢಿ. ಅಲ್ಲಿಯೇ ಯಾಕೆ ಕೂಡುತ್ತೇನೆಂಬುದನ್ನು ಮುಂದೆ ಹೇಳುತ್ತೇನೆ.

ಒಳಗೆ ಮಕ್ಕಳು ದಿನಾ ಪ್ರಾರ್ಥನೆಯ ಹೊತ್ತಿಗೆ ಸಂವಿಧಾನದ ಮೊದಲಿನ ಮಾತನ್ನು ಒಂದೇ ದನಿಯಲ್ಲಿ ಹೇಳುತ್ತಾರೆ. ಹೀಗೆ ಹೇಳಿಸಲು ಸುರು ಮಾಡಿ ಒಂದು ವರ್ಷವಾಯಿತು; ಕೇಳಿ ಕೇಳಿ ನನಗೂ ಅರ್ಧ ಬಾಯಿಗೆ ಬಂದಿದೆ. ಅದರಲ್ಲಿ ತಾರೀಖು ಬರುತ್ತದೆ. ಕೊನೆಗೆ, ಇದನ್ನು ನಾವೇ ನಮಗೆ ಕೊಟ್ಟುಕೊಂಡಿದ್ದೇವೆ ಎಂಬ ಅರ್ಥದ ಮಾತು ಬರುತ್ತದೆ. ತಾರೀಖು ಹಾಕಿ ಕೊಟ್ಟದ್ದು ಅಂದರೆ ಅದು ಪತ್ರವೇ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು, ಆದರೆ ಪತ್ರಗಳ ಪರಿಚಯ ನನಗೆ ಚೆನ್ನಾಗಿದೆ. ಬಸವನ ಬಾಗೇವಾಡಿಯ ರಜಿಸ್ಟರ್ ಕಚೇರಿಯಲ್ಲಿ ನಮ್ಮೂರವರ ಯಾವ ಪತ್ರವಾದರೂ ಸಾಕ್ಷಿಗೆ ನನ್ನನ್ನೇ ಕರೆಯುತ್ತಿದ್ದರು. ಶ್ರೀಶೈಲಪ್ಪ ಹೆಚ್ಚು ಮಾತಾಡುವುದಿಲ್ಲ, ಒಂದು ಕಪ್ ಚಹಾದ ಹೊರತು ಏನೂ ಕೇಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ವರದಾಬಾಯಿ ಹೊರಗೆ ಬಂದರು. ಇಪ್ಪತ್ತು ವರ್ಷದಿಂದ ಇದೇ ಶಾಲೆಯಲ್ಲಿ ಕಲಿಸುವವರು.

"ಬಾಯಾರ, ಒಂದ್ ಮಾತ ಕೇಳ್ತೇನಿ," ಅಂದೆ. "ಹುಡುಗೂರು ದಿನಾ ಹೇಳ್ತಾವಲ್ರಿ, ಆ ಪತ್ರಕ್ಕ ಸಾಕ್ಷಿ ಯಾರು?"

"ಸಾಕ್ಷಿ?" ಅವರು ನಕ್ಕರು. "ಕಚೇರಿ ತಿರುಗಿ ತಿರುಗಿ ನಿಮಗ ಎಲ್ಲಾ ಕಾಗದನೂ ಒಂದೇ ಥರ ಕಾಣಿಸ್ಲಿಕ್ಕೆ ಹತ್ಯಾವ ನೋಡ್ರಿ, ಶ್ರೀಶೈಲಪ್ಪ."

"ಸಾಕ್ಷಿ ಇಲ್ಲದ್ದು ಕೋರ್ಟಿನ್ಯಾಗ ನಿಲ್ಲೂದಿಲ್ರಿ."

"ದಿನಾ ಇಷ್ಟು ಹುಡುಗರು ಒದರ್ತಾರಲ್ಲ, ಇವರೇ ಸಾಕ್ಷಿ ಅಂತ ತಿಳ್ಕೋರಿ."

"ಇವು ಹುಟ್ಟೂಕಿಂತ ಮೊದಲ ಬರದದ್ದಕ್ಕ ಇವು ಹ್ಯಾಂಗ ಸಾಕ್ಷಿ ಆಗ್ತಾವ್ರಿ?"

ಅಷ್ಟರಲ್ಲಿ ಗಂಟೆಯಾಯಿತು. ಒಳಗೆ ಹೋಗುವವರನ್ನು ನಿಲ್ಲಿಸಿ ಮತ್ತೊಂದು ಕೇಳಿದೆ: "ಅದರಾಗ ಹೆಣ್ಣಿಗೊಂದು ಗಂಡಿಗೊಂದು ಅಂತ ಬ್ಯಾರೆ ಏನರ ಬರದಾರ್ರಿ?"

"ಇಲ್ಲ. ಎಲ್ಲಾರಿಗೂ ಸಮ," ಅಂದು ಅವಸರದಿಂದ ಹೋದರು.

ಆಗಲೇ ಬಸ್ಸು ಬಂತು. ಇಳಿದವಳು ಜಯಮಾಲಾ, ನನ್ನ ದೊಡ್ಡಪ್ಪನ ಮಗನ ಮಗಳು. ಆಕೆಯನ್ನು ಇಂಡಿ ತಾಲೂಕಿನ ಅಗರಖೇಡಕ್ಕೆ ಕೊಟ್ಟಿತ್ತು. ಗಂಡ ತೀರಿಕೊಂಡು ಎರಡು ವರ್ಷ. ಒಂಬತ್ತನೆಯ ಇಯತ್ತೆ ಓದುವ ಮಗಳೊಬ್ಬಳಿದ್ದಾಳೆ. ಜಂಪರು ಹೊಲಿದು ಹೊಟ್ಟೆ ಹೊರೆಯುತ್ತಾಳೆ.

"ಮಗಳ್ನ ಕರಕೊಂಡು ಬರ್ಲಿಲ್ಲೇನವಾ?"

"ಪರೀಕ್ಷಾ ಅದಾವ್ರಿ ಕಾಕಾ. ಪಕ್ಕದ ಮನಿ ಅಬಿದಾನ ಹಂತೇಕ ಬಿಟ್ಟ ಬಂದೇನಿ," ಅಂದು ಕಾಲಿಗೆ ನಮಸ್ಕಾರ ಮಾಡಿ, ತವರಿನ ದಾರಿ ಹಿಡಿದಳು. ಹೆಜ್ಜೆಯಲ್ಲಿ ಹಬ್ಬದ ಅವಸರ ಇತ್ತು.

ಆಕೆಯನ್ನು ಈ ಸಲ ಯಾಕೆ ಅಷ್ಟು ಅಕ್ಕರೆಯಿಂದ ಕರೆಸಿದ್ದರೆಂದು ನನಗೆ ಗೊತ್ತಿತ್ತು. ಆಕೆಯ ತಂದೆ ತೀರಿಕೊಂಡು ವರ್ಷ ತುಂಬಿರಲಿಲ್ಲ. ಹಿಂದಿನ ದಿನವೇ ಆಕೆಯ ಅಣ್ಣ ಸಂಜೀವಕುಮಾರ ಬಂದು, "ಕಾಕಾ, ಸೋಮವಾರ ಬಾಗೇವಾಡಿಗೆ ಬರ್ಬೇಕು ನೋಡ್ರಿ, ಸಾಕ್ಷಿಗೆ," ಅಂದು ಹೋಗಿದ್ದ. ನಾನೂ ಆಯಿತೆಂದಿದ್ದೆ.

ನಮ್ಮ ಕಡೆಯ ಈ ಪದ್ಧತಿಯನ್ನು ಗೊತ್ತಿಲ್ಲದವರಿಗೆ ಬಿಡಿಸಿ ಹೇಳಬೇಕು. ತಂದೆ ತೀರಿಕೊಂಡ ಮೇಲೆ ಉತಾರದಲ್ಲಿ, ಅಂದರೆ ಹೊಲದ ಸರಕಾರಿ ದಾಖಲೆಯಲ್ಲಿ, ಹೆಂಡತಿ ಮತ್ತು ಗಂಡುಮಕ್ಕಳ ಜೊತೆಗೆ ಹೆಣ್ಣುಮಕ್ಕಳ ಹೆಸರೂ ಏರುತ್ತದೆ. ಅದು ಕಾಯ್ದೆ. ಮುಂದಿನ ಪಂಚಮಿಗೆ ಅಕ್ಕತಂಗಿಯರನ್ನು ಕರೆಸಿ, ಶೇಂಗಾ ಉಂಡಿ ತಿನ್ನಿಸಿ, ಜೋಕಾಲಿ ಆಡಿಸಿ, ಹೊಸ ಸೀರೆ ಉಡಿಸಿ, ಹಬ್ಬ ಮುಗಿದು ಕಚೇರಿ ತೆರೆದ ಮೊದಲ ದಿನವೇ ಕರೆದೊಯ್ದು ಹಕ್ಕು ಬಿಟ್ಟ ಪತ್ರ ಬರೆಸಿಕೊಳ್ಳುತ್ತಾರೆ. ಅದು ರೂಢಿ. ಕಾಯ್ದೆ ಏರಿಸಿದ ಹೆಸರನ್ನು ಸೀರೆ ಇಳಿಸುತ್ತದೆ. ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಪಾಲು ತೆಗೆದುಕೊಂಡವಳಿಗೆ ತವರಿಲ್ಲ ಎಂಬ ಒಂದೇ ಮಾತು ಸಾಕಾಗುತ್ತದೆ.

ಅಧಿಕಾರಿ ಕೇಳುತ್ತಾರೆ: ನಿನ್ನ ಖುಷಿಯಿಂದ ಬರೆದುಕೊಡುತ್ತೀಯೇನಮ್ಮ? ಹೆಣ್ಣುಮಗಳು ತಲೆ ಬಗ್ಗಿಸಿ ನಿಂತಿರುತ್ತಾಳೆ. ಆಗ ಸಾಕ್ಷಿದಾರ ಹೇಳಬೇಕು: "ಹೌದ್ರಿ, ಖುಷಿಯಿಂದ ಕೊಡಾಕತ್ತಾಳ." ಹಾಗೆ ಹೇಳುತ್ತಿದ್ದವನು ನಾನು. ಎಷ್ಟು ಹೆಣ್ಣುಮಕ್ಕಳ ಖುಷಿಯನ್ನು ನಾನು ಹೇಳಿದ್ದೇನೆಂದು ಈಗ ನೆನೆಸಿಕೊಂಡರೆ ಮುಖಗಳು ಸಾಲಾಗಿ ಬರುತ್ತವೆ. ಯಾವ ಮುಖದಲ್ಲೂ ಖುಷಿ ಇದ್ದದ್ದು ನೆನಪಿಲ್ಲ.

ಆ ಸಾಲಿನಲ್ಲಿ ಮೊದಲನೆಯವಳು ನನ್ನ ತಂಗಿ ಕಾಂತು. ಅದು ಸಾಕ್ಷಿ ಹೇಳಿದ ಪತ್ರ ಅಲ್ಲ, ನಾನೇ ಬರೆಸಿಕೊಂಡದ್ದು. ಸುಮಾರು ನಲವತ್ತು ವರ್ಷದ ಹಿಂದೆ, ಹೀಗೆಯೇ ಪಂಚಮಿ ಮುಗಿದ ಮೇಲೆ. ಹೆಬ್ಬೆಟ್ಟಿಗೆ ಮಸಿ ಹಚ್ಚುವಾಗ ಆಕೆ, "ಅಣ್ಣಾ, ಇದು ತೊಳದ್ರ ಹೋಗ್ತೈತಿಲ್ಲ?" ಎಂದು ಕೇಳಿದ್ದಳು. ಹೋಗುತ್ತದೆ ಎಂದಿದ್ದೆ.

ಅದಾದ ಎಂಟು ವರ್ಷಕ್ಕೆ ಕಾಂತುವಿನ ಗಂಡ ಇನ್ನೊಬ್ಬಳನ್ನು ತಂದ. ಕಾಂತು ಗಂಟು ಹಿಡಿದು ನಮ್ಮ ಮನೆಗೆ ಬಂದಳು. ಮೂರು ತಿಂಗಳು ಪಡಸಾಲೆಯಲ್ಲಿ ಮಲಗಿದಳು. ಅದೇ ದಿನಗಳಲ್ಲಿ ಯಾರೋ ಮತದಾರರ ಪಟ್ಟಿ ಬರೆಯಲು ಬಂದವರು ಆಕೆಯ ಹೆಸರನ್ನು ನಮ್ಮ ಮನೆಯ ಸಂಖ್ಯೆಗೆ ಬರೆದುಕೊಂಡರು. ಮನೆಯಲ್ಲಿ ಹೆಂಗಸರ ನಡುವೆ ಮಾತು ಬೆಳೆಯಿತು. ನಾನು ಯಾರಿಗೂ ಏನೂ ಅನ್ನಲಿಲ್ಲ. ನನ್ನ ಸುಮ್ಮನಿರುವಿಕೆಯನ್ನು ಊರವರು ತಾಳ್ಮೆ ಅನ್ನುತ್ತಾರೆ. ಕಾಂತುಗೆ ಅದು ಬೇರೆ ರೀತಿ ತಿಳಿದಿರಬೇಕು. ಒಂದು ಮಂಗಳವಾರ ಎದ್ದು ಸಿಂದಗಿಗೆ ಹೋದಳು. ಅಲ್ಲಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ನಿಂತಳು.

ಆಮೇಲೆ ಆಕೆ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಆದರೆ ಪ್ರತಿ ಚುನಾವಣೆಗೆ ಬರುತ್ತಿದ್ದಳು. ಬಸ್ಸಿನಿಂದ ಇಳಿದು ಈ ಶಾಲೆಗೆ ಬಂದು, ಸರದಿಯಲ್ಲಿ ನಿಂತು ಮತ ಹಾಕಿ, ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು ತಾನು ತಂದ ರೊಟ್ಟಿ ಉಂಡು, ಮುಂದಿನ ಬಸ್ಸಿಗೆ ಹೋಗುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಆಕೆ ತೀರಿಕೊಂಡಳೆಂದು ಖಾನಾವಳಿಯವರು ಹೇಳಿ ಕಳಿಸಿದಾಗ ಹೋಗಿ ನೋಡಿದೆ. ಆಕೆಯ ಗಂಟಿನಲ್ಲಿ ಮತದಾರರ ಗುರುತಿನ ಚೀಟಿ ಇತ್ತು. ಅದರಲ್ಲಿ ವಾಸ ಎಂಬಲ್ಲಿ ನನ್ನ ಮನೆಯ ಸಂಖ್ಯೆ ಇತ್ತು. ಹೊಲ, ಮನೆ ಎಲ್ಲ ನಾನು ಇಳಿಸಿಕೊಂಡಿದ್ದೆ. ಆ ಒಂದು ಹಕ್ಕನ್ನು ಬರೆಸಿಕೊಳ್ಳುವ ಪತ್ರ ಯಾವ ಕಚೇರಿಯಲ್ಲೂ ಇರಲಿಲ್ಲವಾದ್ದರಿಂದ ಅದು ಆಕೆಯ ಹತ್ತಿರ ಉಳಿದಿತ್ತು. ಅಂದಿನಿಂದ ನಾನು ಆ ಕಟ್ಟೆಯ ಮೇಲೆ ಕೂಡುತ್ತೇನೆ.

ಶುಕ್ರವಾರ ಪಂಚಮಿ. ಊಟಕ್ಕೆ ಸಂಜೀವಕುಮಾರನ ಮನೆಗೆ ಕರೆದಿದ್ದರು. ತೊಲೆಗೆ ಜೋಕಾಲಿ ಕಟ್ಟಿದ್ದರು. ಜಯಮಾಲಾ ಅದರ ಮೇಲೆ ಸುಮ್ಮನೆ ಕುಳಿತಿದ್ದಳು, ಹೊಸ ಸೀರೆಯ ಮಡಿಕೆ ಒಡೆಯದೆ ಮಡಿಲಲ್ಲಿ ಇಟ್ಟುಕೊಂಡು. ಆಕೆಯ ತಾಯಿ ಸಿದ್ದವ್ವ ವೈನಿ ಉಂಡಿ ತಟ್ಟೆ ನನ್ನ ಮುಂದಿಟ್ಟರು.

"ಕಾಕಾ, ನೀವಽ ಹೇಳ್ರಿ," ಜಯಮಾಲಾ ಸುರು ಮಾಡಿದಳು. "ನಮ್ಮ ಭಾವ ದಸರಾದೊಳಗ ಮನಿ ಬಿಡು ಅಂದಾನ. ಮಗಳ್ನ ಕರಕೊಂಡು ನಾ ಎಲ್ಲಿ ಹೋಗ್ಲಿ?"

"ಇಲ್ಲಿ ಬಾ," ಅಂದ ಸಂಜೀವಕುಮಾರ. "ನಾ ಏನ ಬ್ಯಾಡ ಅಂದೇನೇನು? ಅಣ್ಣ ಇರೂತನಕ ತಂಗಿನ್ನ ಬೀದಿಗೆ ಬಿಡ್ತಾನೇನು?"

"ಎಲ್ಲಿ ಇರ್ಲಿ?"

"ಬಾವಿ ಹಂತೇಕ ತಗಡಿನ ಕೋಲಿ ಐತಲ್ಲ, ಅಲ್ಲಿ ಇರು."

"ಆತು. ನಾ ಸೋಮವಾರ ಬರದ ಕೊಡ್ತೇನಿ," ಅಂದಳು ಜಯಮಾಲಾ. "ನೀನೂ ಒಂದ್ ಸಾಲ ಬರದ ಕೊಡು, ಆ ಕೋಲಿ, ಅದರ ಮುಂದಿನ ಅರ್ಧ ಎಕರೆ ನಂದು, ನನ್ನ ಮಗಳದು ಅಂತ."

ಸಂಜೀವಕುಮಾರನ ಮುಖ ಕೆಂಪಾಯಿತು. "ಅಣ್ಣನ ಮಾತಿಗೆ ಕಾಗದ ಕೇಳ್ತೀಯೇನು?"

"ತಂಗಿ ಮಾತಿಗೆ ನೀ ಕೇಳಾಕತ್ತಿಯಲ್ಲ."

ಸಿದ್ದವ್ವ ವೈನಿಗೆ ತಡೆಯಲಾಗಲಿಲ್ಲ. "ಏನ ಬಾಯಿ ಬಂದೈತಿ ಈಕಿಗೆ! ಮುದ್ದೇಬಿಹಾಳದಾಗ ನಮ್ಮಪ್ಪಂದು ಹನ್ನೆರಡ ಎಕರೆ ಇತ್ತು. ನಾ ಒಂದ ಸೀರಿಗೆ ಬರದಕೊಟ್ಟ ಬಂದೇನಿ. ನಾ ಸತ್ತೇನೇನು?"

"ಅವ್ವಾ, ನಿನಗ ಮನಿ ಇತ್ತು."

"ನಿನಗೂ ಐತಿ. ತವರಮನಿ ಅಂಬೂದು ಮನಿ ಅಲ್ಲೇನು? ಪಾಲ ಕೇಳಿದಾಕಿನ್ನ ನಾಳಿ ಯಾವ ಹಬ್ಬಕ್ಕ ಯಾರು ಕರೀತಾರ? ಸತ್ತರ ಮಣ್ಣ ಹಾಕಾಕ ಯಾರು ಬರ್ತಾರ?"

ಜಯಮಾಲಾ ನನ್ನ ಕಡೆ ತಿರುಗಿದಳು. "ಕಾಕಾ, ಕಾಂತು ಅತ್ತಿ ಬರದಕೊಟ್ಟಿದ್ಲಲ್ರಿ. ಆಕಿನ್ನ ಹಬ್ಬಕ್ಕ ಎಷ್ಟ ಸಲ ಕರದ್ರಿ?"

ಅದು ಕುಹಕ ಅಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದಳು. ಕೈಯಲ್ಲಿದ್ದ ಉಂಡಿಯನ್ನು ತಟ್ಟೆಯಲ್ಲಿ ಇಟ್ಟೆ. "ಎರಡ ಸಲ," ಅಂದೆ.

ಭಾನುವಾರ ಸಂಜೆ ವರದಾಬಾಯಿಯ ಮನೆಗೆ ಹೋದೆ. ನನ್ನ ತಲೆಯಲ್ಲಿ ಒಂದು ಕುತೂಹಲ ಹೊಕ್ಕಿತ್ತು. ದೇಶದ ಪತ್ರದಲ್ಲಿ ಸಮ ಎಂದಿದೆ, ಉತಾರದಲ್ಲಿ ಹೆಸರಿದೆ, ಆದರೂ ಮನೆಯಲ್ಲಿ ಅದು ಯಾಕೆ ನಡೆಯುವುದಿಲ್ಲ? ಪತ್ರ ಮುರಿದರೆ ಕೇಳುವವರು ಯಾರೂ ಇಲ್ಲವೆ?

ಬಾಯಾರು ತುಳಸಿಗೆ ದೀಪ ಇಟ್ಟು ಬಂದು ಕುಳಿತರು. "ಒಂದಲ್ಲ, ಇನ್ನೂ ಒಂದು ಪತ್ರ ಅದ, ಶ್ರೀಶೈಲಪ್ಪ. ಲೋಕದ ದೇಶಗಳು ಸೇರಿ ಹೆಣ್ಣುಮಕ್ಕಳ ಸಲುವಾಗಿ ಮಾಡಿದ ಕರಾರು. ಹೆಣ್ಣು ಅಂತ ಯಾವುದರಾಗೂ ಕಡಿಮಿ ಮಾಡಬಾರದು ಅಂತ. ನಮ್ಮ ದೇಶ ತೊಂಬತ್ತಮೂರರಾಗ ಒಪ್ಪಿಕೊಂಡದ."

"ಕರಾರು ಅಂದಮ್ಯಾಲ ತಪ್ಪಿದ್ರ ಕೇಳವ್ರ ಯಾರ್ರಿ?"

"ಕೆಲವು ವರ್ಷಕ್ಕೊಮ್ಮೆ ವರದಿ ಕೊಡಬೇಕು. ಅಲ್ಲಿ ಕೂತವರು ಪ್ರಶ್ನಿ ಕೇಳ್ತಾರ."

"ಕೇಳಿ?"

"ಕೇಳಿ ಬರಕೋತಾರ."

"ಇಲ್ಲಿಗೆ ಬಂದು ನೋಡೂದಿಲ್ಲೇನ್ರಿ?"

"ಹಿಪ್ಪರಗಿಗೆ ಬಸ್ಸೇ ಹೊತ್ತಿಗೆ ಬರೂದಿಲ್ಲ. ಅವರೆಲ್ಲಿ ಬರ್ತಾರ?" ಬಾಯಾರು ನಕ್ಕು, ಮತ್ತೆ ಗಂಭೀರವಾದರು. "ಇನ್ನೊಂದು ಕೇಳ್ರಿ. ಒಪ್ಪುವಾಗ ನಮ್ಮ ದೇಶ ಪಕ್ಕಕ್ಕ ಒಂದು ಮಾತು ಬರದದ. ಯಾವ ಸಮಾಜದ ಒಳಗಿನ ವಿಷಯಕ್ಕೂ, ಆ ಸಮಾಜದವರೇ ಮುಂದಾಗಿ ಒಪ್ಪದ ಹೊರತು, ಸರಕಾರ ಕೈ ಹಾಕೂದಿಲ್ಲ ಅಂತ."

ಪತ್ರ ಓದುವಾಗ ನಾನು ಮೊದಲು ನೋಡುವುದು ಅಂಥ ಪಕ್ಕದ ಮಾತನ್ನೇ. ಗಟ್ಟಿ ಇರುವುದು ಅಲ್ಲೇ.

"ಸಮಾಜದವ್ರು ಮುಂದಾಗಬೇಕು ಅಂದ್ರ ಯಾರು ಮುಂದಾಗಬೇಕ್ರಿ? ಸ್ವಾಮಿಗಳೋ, ಪಂಚರೋ?"

ಬಾಯಾರು ದೀಪದ ಕಡೆ ತಿರುಗಿ ಮೆಲ್ಲಗೆ ಅಂದರು: "ನಾನೂ ಬರದುಕೊಟ್ಟೀನಿ. ಸಿಂದಗಿಯೊಳಗ, ನಮ್ಮಣ್ಣ ಶ್ರೀನಿವಾಸಗ. ಬೆಳಿಗ್ಗೆ ಎಂಟನೇ ಇಯತ್ತಾ ಹುಡುಗರಿಗೆ ಸಮಾನತಾದ ಪಾಠ ಮಾಡಿದೆ. ಮಧ್ಯಾಹ್ನ ಅರ್ಧ ದಿನ ರಜಾ ಹಾಕಿ ಹೋಗಿ ಸಹಿ ಮಾಡಿ ಬಂದೆ."

"ನೀವು? ಯಾಕ್ರಿ?"

"ತವರು ಬೇಕಾಗಿತ್ತಲ್ರಿ," ಅಂದರು.

ಅಷ್ಟು ಓದಿದವರಿಗೇ ಹೀಗಾದರೆ ಉಳಿದವರದೇನು ಎಂದು ನನಗೆ ದಿಗಿಲಾಯಿತು. ಮನೆಗೆ ಬರುವ ದಾರಿಯಲ್ಲಿ ಒಂದು ಮಾತು ಹೊಳೆಯಿತು. ಎಲ್ಲ ಪತ್ರಗಳೂ ಮನೆಯ ಬಾಗಿಲಿಗೆ ಬಂದು ನಿಂತಿವೆ. ಒಳಗಿನವರು ಒಬ್ಬರು ಅಗಳಿ ತೆಗೆಯಬೇಕು. ಆ ಅಗಳಿಯನ್ನು ಇಷ್ಟು ವರ್ಷ ಒಳಗಿನಿಂದ ಹಿಡಿದುಕೊಂಡು ನಿಂತವನು ನಾನೇ.

ಸೋಮವಾರ ಹನ್ನೊಂದಕ್ಕೆ ಬಾಗೇವಾಡಿ ಮುಟ್ಟಿದೆವು. ಕಚೇರಿಯ ಮುಂದೆ ಹೊಸ ಸೀರೆಯ ಹೆಂಗಸರು ಅಲ್ಲಲ್ಲಿ ಕುಳಿತಿದ್ದರು, ಒಬ್ಬೊಬ್ಬರ ಪಕ್ಕ ಒಬ್ಬೊಬ್ಬ ಅಣ್ಣ. ತಾಯಿಯ ಮಾತಿಗೆ ಕಟ್ಟುಬಿದ್ದು ಬಂದ ಜಯಮಾಲಾ ಮಾತ್ರ ಅಗರಖೇಡದಿಂದ ಉಟ್ಟು ಬಂದ ಹಳೆಯ ಸೀರೆಯಲ್ಲಿದ್ದಳು. ಬಾಂಡ್ ಬರೆಯುವ ಯುನೂಸ ನನ್ನನ್ನು ಕಂಡು ಕುರ್ಚಿ ಸರಿಸಿದ.

"ಬರ್ರಿ ಸಾಕ್ಷಿ ಸಾಹೇಬ್ರ! ಶ್ರಾವಣ ಬಂತು, ಅಣ್ಣಂದಿರಿಗೆಲ್ಲಾ ತಂಗ್ಯಾರ ನೆನಪಾತು, ನಮಗ ಸುಗ್ಗಿ ಆತು." ಕಂಪ್ಯೂಟರ್ ನೋಡುತ್ತ ಓದಿದ: "ಯಾರ ಒತ್ತಾಯವೂ ಇಲ್ಲದೆ ನನ್ನ ಸ್ವಸಂತೋಷದಿಂದ..."

"ಯುನೂಸ, ಆ ಸಾಲ ಈಗ ಟೈಪ್ ಮಾಡಿದ್ಯೋ?"

"ಅದು ಮೊದಲಿಂದ ಅದರಾಗ ಐತ್ರಿ ಕಾಕಾ. ನಾ ಹೆಸರಷ್ಟ ಬದಲ ಮಾಡ್ತೇನಿ. ಖುಷಿ ಎಲ್ಲಾರ್ದೂ ಒಂದ."

"ನಿಮ್ಮಲ್ಲೂ ಹಿಂಗ ಏನೋ?"

"ನಮ್ಮಲ್ಲಿ ಹೆಣ್ಣಿಗೆ ಪಾಲು ಹಳೇ ಕಾಲದಿಂದ ಬರದೈತ್ರಿ," ಅಂದು ಯುನೂಸ ದನಿ ತಗ್ಗಿಸಿದ. "ಬಿಲಾಲ ಮಾಮಾ ಕೊಟ್ಟಾನೇನು ಅಂತ ನಮ್ಮವ್ವನ್ನ ಕೇಳ್ರಿ. ಇಂಥದರಾಗ ಹಿಂದೂ ಮುಸಲ್ಮಾನ ಎಲ್ಲಾರೂ ಅಣ್ಣತಮ್ಮಂದಿರಽ ನೋಡ್ರಿ." ಅಂದವನು ಜಯಮಾಲಾಳ ಮುಖ ನೋಡಿ ನಗು ನುಂಗಿಕೊಂಡ.

ನಮ್ಮ ಹೆಸರು ಕರೆದರು. ಒಳಗೆ ಅಧಿಕಾರಿ ಚಿಕ್ಕ ವಯಸ್ಸಿನವರು. ಜಯಮಾಲಾಳನ್ನು ಕ್ಯಾಮೆರಾದ ಮುಂದೆ ಕೂಡಿಸಿದರು. ಹೆಬ್ಬೆಟ್ಟು ಇಡುವ ಯಂತ್ರಕ್ಕೆ ಕೆಂಪು ದೀಪ ಹತ್ತಿತು. ಈಗ ಮಸಿ ಇಲ್ಲ, ತೊಳೆಯುವ ಕೆಲಸವೂ ಇಲ್ಲ.

"ಅಣ್ಣನ ಹೆಸರಿಗೆ ನಿಮ್ಮ ಹಕ್ಕು ಬಿಟ್ಟುಕೊಡ್ತಿದೀರಿ. ನಿಮ್ಮ ಖುಷಿಯಿಂದ ಕೊಡ್ತಿದೀರೇನಮ್ಮಾ?"

ಜಯಮಾಲಾ ತಲೆ ಬಗ್ಗಿಸಿದಳು. ಸಂಜೀವಕುಮಾರ ನನ್ನನ್ನು ನೋಡಿದ. ಯುನೂಸನೂ ನೋಡಿದ. ಆ ಜಾಗದಲ್ಲಿ ನನ್ನ ಮಾತು ಬರಬೇಕು, ಪ್ರತಿ ಸಲ ಬರುತ್ತಿತ್ತು. ನಾಲಿಗೆ ತಾನಾಗಿ ಹೊರಳಿತು ಕೂಡ. ಹಲ್ಲು ಕಚ್ಚಿ ಹಿಡಿದೆ.

"ಹೇಳ್ರಿ ಕಾಕಾ," ಅಂದ ಸಂಜೀವಕುಮಾರ.

"ನನ್ನ ಕೇಳಿಲ್ಲಪಾ," ಅಂದೆ. "ಸಾಹೇಬ್ರು ಆಕಿನ್ನ ಕೇಳ್ಯಾರ."

ಅಧಿಕಾರಿ ಒಮ್ಮೆ ನನ್ನ ಕಡೆ ನೋಡಿ, ಮತ್ತೆ ಆಕೆಯನ್ನೇ ಕೇಳಿದರು. ಗೋಡೆಯ ಫ್ಯಾನು ಕಟಕಟ ಅನ್ನುತ್ತಿತ್ತು. ಜಯಮಾಲಾ ತಲೆ ಎತ್ತಿದಳು. ಕಣ್ಣು ತುಂಬಿದ್ದವು, ದನಿ ಮಾತ್ರ ನಡುಗಲಿಲ್ಲ.

"ಇಲ್ರಿ," ಅಂದಳು. "ನನಗ ಖುಷಿ ಇಲ್ರಿ. ನಾ ಕೊಡೂದಿಲ್ಲ."

"ಹಂಗಾದ್ರೆ ಈ ಪತ್ರ ಆಗೋದಿಲ್ಲ," ಅಂದರು ಅಧಿಕಾರಿ, ಕಾಗದವನ್ನು ಈಚೆ ಸರಿಸಿ. ಅಷ್ಟೇ. ಗಲಾಟೆ ಏನೂ ಆಗಲಿಲ್ಲ. ನಲವತ್ತು ವರ್ಷ ಆ ಪ್ರಶ್ನೆ ಬರೀ ಶಾಸ್ತ್ರಕ್ಕೆ ಕೇಳುತ್ತಾರೆಂದು ತಿಳಿದಿದ್ದೆ. ಅದು ನಿಜವಾದ ಪ್ರಶ್ನೆ, ಅದಕ್ಕೆ ಇಲ್ಲ ಎಂಬ ಉತ್ತರಕ್ಕೂ ಜಾಗ ಇತ್ತು ಎಂಬುದು ಆ ಹೊತ್ತಿಗೆ ತಿಳಿಯಿತು.

ಹೊರಗೆ ಸಂಜೀವಕುಮಾರ ಗಾಡಿಗೆ ಕಿಕ್ ಹೊಡೆದ. "ಕಾಕಾ, ನೀವು ನಮ್ಮವ್ರ ಅಂತ ಕರಕೊಂಡು ಬಂದಿದ್ದೆ," ಅಂದ.

"ಆಕಿನೂ ನಮ್ಮಾಕಿನಪಾ," ಅಂದೆ. ಅವನು ಕೇಳಿಸಿಕೊಳ್ಳದೆ ಹೋದ. ಯುನೂಸ ಎರಡು ಕಪ್ ಚಹಾ ತಂದು ನಮ್ಮ ಮುಂದಿಟ್ಟ.

ಕಚೇರಿಯ ಕಟ್ಟೆಯ ಮೇಲೆ ಕುಳಿತಿದ್ದ ಹೆಂಗಸರಲ್ಲಿ ಒಬ್ಬಳು ಜಯಮಾಲಾಳ ಸೆರಗು ಹಿಡಿದು ಕೇಳಿದಳು: "ಅಕ್ಕಾ, ಒಲ್ಲೆ ಅಂದ್ರ ನಡೀತೈತೇನು?"

"ನಡೀತೈತಿ," ಅಂದಳು ಜಯಮಾಲಾ.

ಆ ಸಂಜೆ ತವರಿನಲ್ಲಿ ಆಕೆಯನ್ನು ಯಾರೂ ಬಯ್ಯಲಿಲ್ಲ. ಮಾತೇ ಆಡಲಿಲ್ಲ. ಜೋಕಾಲಿಯ ಹಗ್ಗ ಬಿಚ್ಚಿ ಸುತ್ತಿ ಇಟ್ಟಿದ್ದರು. ಮರುದಿನ ನಾನು ಹೋದಾಗ ಆಕೆ ಚೀಲ ಕಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದಳು. ಹೊಸ ಸೀರೆ ಮಡಿಕೆ ಒಡೆಯದೆ ಕಟ್ಟೆಯ ಮೇಲಿತ್ತು. ಚೀಲ ನಾನು ತೆಗೆದುಕೊಂಡೆ. ಮಳೆ ಸಣ್ಣಗೆ ಹಿಡಿದಿತ್ತು. ಒಳಗಿನಿಂದ ಸಿದ್ದವ್ವ ವೈನಿಯ ದನಿ ಬಂತು, ನನಗೆ ಹೇಳಿದಂತೆ: "ಶ್ರೀಶೈಲಪ್ಪಾ, ಛತ್ರಿ ತಗೊಂಡಾಳೇನು ಕೇಳು."

"ತಗೊಂಡೇನವ್ವಾ," ಅಂದಳು ಜಯಮಾಲಾ. ಆಕೆಯ ಕೈಯಲ್ಲಿ ಛತ್ರಿ ಇರಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತು ಇತ್ತು. ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತೆವು. ಒಳಗೆ ಮಕ್ಕಳು ತಮ್ಮ ಮಾತು ಸುರು ಮಾಡಿದ್ದರು. ವರದಾಬಾಯಿ ಕಿಟಕಿಯಿಂದ ನಮ್ಮನ್ನು ಕಂಡು, ಮಕ್ಕಳು ಮುಗಿಸುವತನಕ ಅಲ್ಲೇ ನಿಂತಿದ್ದರು.

"ಮುಂದಿನ ಪಂಚಮಿಗೆ ನಮ್ಮ ಮನಿಗೆ ಬಾರವಾ," ಅಂದೆ.

"ಬರದ ಕೊಡ್ತೀರೇನು?" ಅಂದು ನಕ್ಕಳು. ಪಂಚಮಿಯಿಂದ ಈಚೆಗೆ ಅದೇ ಮೊದಲು ನಕ್ಕದ್ದು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಹಬ್ಬಕ್ಕ ಬರೂದಿಲ್ರಿ ಕಾಕಾ. ದಸರಾಕ್ಕ ಮಗಳ್ನ ಕರಕೊಂಡು ಇರಾಕ ಬರ್ತೇನಿ. ಉತಾರದಾಗ ಹೆಸರೈತಿ."

ಮಂಗಳವಾರ, ಶುಕ್ರವಾರ ನಮ್ಮಲ್ಲಿ ಹೆಣ್ಣುಮಕ್ಕಳನ್ನು ತವರಿನಿಂದ ಕಳಿಸುವುದಿಲ್ಲ. ಕಾಂತು ಹೋದ ದಿನ ಅದನ್ನು ನೆನಪು ಮಾಡಿ ನಿಲ್ಲಿಸುವವರು ಯಾರೂ ಇರಲಿಲ್ಲ, ನಾನೂ ನಿಲ್ಲಿಸಲಿಲ್ಲ. ಈ ಸಲವೂ ಯಾರೂ ನಿಲ್ಲಿಸಲಿಲ್ಲ. ನನ್ನ ಛತ್ರಿಯನ್ನು ಬಸ್ಸಿನ ಕಿಟಕಿಯಿಂದ ಆಕೆಯ ಕೈಗೆ ಕೊಟ್ಟೆ. ಜಯಮಾಲಾ ಅಗರಖೇಡಕ್ಕೆ ಹೋದದ್ದು ಪಂಚಮಿ ಕಳೆದ ಮಂಗಳವಾರ, ಹತ್ತೂವರೆಯ ಬಸ್ಸಿಗೆ.